ಹಳದಿ ಹಾಳೆಯ ಹದಿನಾಲ್ಕು

ಬೆಳಗ್ಗೆ ಎದ್ದಾಗಿನಿಂದ ಹದಿನಾಲ್ಕು ಎಂಬ ಸಂಖ್ಯೆ ಅವಳ ತಲೆಯೊಳಗೆ ಸುತ್ತುತ್ತಿತ್ತು. ಹಲ್ಲುಜ್ಜುವಾಗ, ಕಾಫಿಗೆ ದಾಲ್ಚಿನ್ನಿ ಹಾಕುವಾಗ, ಈಗ ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಮತದಾರರ ಸಾಲಿನಲ್ಲಿ ನಿಂತಿರುವಾಗಲೂ ಅದು ಬಿಡಲಿಲ್ಲ. ಒತೀಲಿಯಾ ಬರಾಹಾಸ್ ಎಂಬ ಹೆಸರು ಇಪ್ಪತ್ತಾರು ವರ್ಷ ನ್ಯಾಯಾಲಯದ ಬಾಗಿಲ ಮೇಲೆ ಹಿತ್ತಾಳೆಯ ಅಕ್ಷರಗಳಲ್ಲಿ ಇತ್ತು. ಎಪ್ಪತ್ತೈದು ತುಂಬುವ ತನಕ ಅದನ್ನು ಯಾರೂ ಕೀಳಲಾರರು ಎಂದು ಅವಳೂ ನಂಬಿದ್ದಳು, ಅಕ್ಷರಗಳನ್ನು ತಿಕ್ಕುವ ಜವಾನನೂ ನಂಬಿದ್ದ. ಈಗ ಅವಳು ಹಳದಿ ಮತಪತ್ರದಲ್ಲಿ ಹೆಂಗಸರ ಪಟ್ಟಿಯ ಹದಿನಾಲ್ಕನೆಯವಳು. ಮೆಕ್ಸಿಕೊದಲ್ಲಿ ಇನ್ನು ಮೇಲೆ ನ್ಯಾಯಾಧೀಶರನ್ನೂ ಜನರೇ ಆರಿಸಬೇಕೆಂದು ತೀರ್ಮಾನವಾಗಿತ್ತು. ಯಾರ ಕುರ್ಚಿ ಮೊದಲು ಹೋಗಬೇಕು ಎಂಬುದನ್ನು ರಾಜಧಾನಿಯಲ್ಲಿ ಲಾಟರಿಯ ಗೋಳ ತಿರುಗಿಸಿ, ಚೆಂಡು ಎತ್ತಿ ನಿರ್ಧರಿಸಿದ್ದರು. ಅದನ್ನು ಅವಳು ಟಿ.ವಿ.ಯಲ್ಲಿ ನೋಡಿದ್ದಳು. ಯಾರೋ ಕೋಟು ಹಾಕಿದವನು ಚೆಂಡು ಎತ್ತಿ ಅವಳ ಕೋರ್ಟಿನ ಸಂಖ್ಯೆ ಓದಿದಾಗ ಅವಳ ಕೈಯಲ್ಲಿದ್ದ ಪಪ್ಪಾಯಿ ಹೋಳು ತಟ್ಟೆಗೇ ಬಿದ್ದಿತ್ತು.

ಮರ್ಯಾದೆ ಇರುವವರು ಚುನಾವಣೆಗೆ ನಿಲ್ಲುವುದಿಲ್ಲ ಎಂದು ಉಳಿದ ನ್ಯಾಯಾಧೀಶರೆಲ್ಲ ಒಟ್ಟಾಗಿ ಹೇಳಿದ್ದರು. ಹೇಳಿ, ಪಿಂಚಣಿಯ ಕಾಗದಕ್ಕೆ ಸಹಿ ಹಾಕಿ, ಮನೆಗೆ ಹೋಗಿದ್ದರು. ಅವಳು ನಿಂತಳು. ಹಟಕ್ಕೆ ನಿಂತಳೋ, ಮನೆಯಲ್ಲಿ ಕೂತು ಮಾಡುವುದೇನು ಎಂಬ ಭಯಕ್ಕೆ ನಿಂತಳೋ ಅವಳಿಗೇ ಗೊತ್ತಿಲ್ಲ. ಅವಳನ್ನು ಗೆಳೆಯರ ವಾಟ್ಸಾಪ್ ಗುಂಪಿನಿಂದ ತೆಗೆದುಹಾಕಿದರು. ಅಣ್ಣನ ಮಗ ರೊಹೆಲಿಯೊ ಅವಳ ಕೈಗೆ ಜೋಳದ ಹಿಟ್ಟು ಕೊಟ್ಟು, ಜನರ ನ್ಯಾಯಾಧೀಶೆ ಎಂದು ಹೇಳುತ್ತಾ ರೊಟ್ಟಿ ಒತ್ತಲು ಹೇಳಿ ವಿಡಿಯೊ ಮಾಡಿದ. ರೊಟ್ಟಿ ಹರಿದುಹೋಯಿತು. ಅದನ್ನೇ ಅವನು ಇಂಟರ್ನೆಟ್ಟಿಗೆ ಹಾಕಿಬಿಟ್ಟ. ‘ಮೊದಲು ರೊಟ್ಟಿ ಕಲೀರಿ ಅಜ್ಜಿ, ಆಮೇಲೆ ನ್ಯಾಯ’ ಎಂದು ಒಬ್ಬ ಬರೆದ ಸಾಲನ್ನು ನಾನೂರು ಜನ ಮೆಚ್ಚಿದ್ದರು. ಸಂತೆಯಲ್ಲಿ ಅವಳೇ ಹಂಚಿದ ಕರಪತ್ರದಲ್ಲಿ ಮೀನಿನವಳು ಮೀನು ಸುತ್ತಿಕೊಟ್ಟಿದ್ದಳು. ಅದರಲ್ಲಿ ಅಚ್ಚಾಗಿದ್ದ ಒತೀಲಿಯಾಳ ಮುಖದ ಮೇಲೆ ಮೀನಿನ ಹುರುಪೆ ಅಂಟಿತ್ತು. ಮೀನಿನ ವಾಸನೆಯ ಆ ಮುಖವನ್ನು ಅವಳು ಮಡಚಿ ಕೈಚೀಲದಲ್ಲಿಟ್ಟುಕೊಂಡು ಬಂದಿದ್ದಳು. ಯಾಕೆ ಎಸೆಯಲಿಲ್ಲ ಎಂದು ಈಗಲೂ ಅವಳಿಗೆ ತಿಳಿಯದು.

ಸಾಲು ಒಂದು ಹೆಜ್ಜೆ ಮುಂದೆ ಹೋಯಿತು. ಅವಳ ಮುಂದಿದ್ದ ಗಂಡಸು ತಮಾಲ್ ತಿನ್ನುತ್ತಿದ್ದ. ಜೋಳದ ಹಿಟ್ಟಿನ ಕಡುಬು, ಒಳಗೆ ಹಸಿಮೆಣಸಿನ ಗೊಜ್ಜು. ಸಿಪ್ಪೆ ಬಿಡಿಸಿದಾಗ ಆವಿ ಎದ್ದು ಅವಳ ಕನ್ನಡಕ ಮಂಜಾಯಿತು. ಅವನ ಮುಂದಿನವಳ ಕೈಯಲ್ಲೂ ತಮಾಲ್. ಸಾಲಿಗೆ ಸಾಲೇ ಮೆಲ್ಲುತ್ತಿತ್ತು. ಗೇಟಿನ ಪಕ್ಕ ಒಂದು ದೊಡ್ಡ ಹಬೆಪಾತ್ರೆ, ಅದರ ಹಿಂದೆ ನೀಲಿ ಶಾಲು. ಯಾರದು ಎಂದು ನೋಡಿದವಳೇ ಒತೀಲಿಯಾ ತಲೆ ತಗ್ಗಿಸಿ ಟೋಪಿಯ ಅಂಚನ್ನು ಕೆಳಗೆಳೆದಳು. ಅದು ಎದೆಲ್ಮಿರಾ. ತೆಪೋಸಾನ್ ಹಳ್ಳಿಯ ಕಲ್ಲುಕ್ವಾರಿ ವಿರುದ್ಧದ ಕಡತದಲ್ಲಿ ಮೊದಲ ಅರ್ಜಿದಾರಳು. ಕ್ವಾರಿಯವರು ಮದ್ದಿಟ್ಟು ಬಂಡೆ ಸೀಳಿದಾಗಲೆಲ್ಲ ಹಳ್ಳಿಯ ಗೋಡೆಗಳೂ ಸೀಳುತ್ತಿದ್ದವು, ಊರ ಬಾವಿ ಬತ್ತಿತ್ತು. ಆ ವಿಚಾರಣೆಯನ್ನು ಒತೀಲಿಯಾ ಮೂರು ಸಲ ಮುಂದೂಡಿದ್ದಳು. ಮೊದಲ ಸಲ ಕಾರಣ ಇತ್ತು. ಎರಡನೆಯ ಸಲಕ್ಕೆ ಕಾರಣ ಹುಡುಕಿದಳು. ಮೂರನೆಯ ಸಲ ಸೆಪ್ಟೆಂಬರ್ ಹತ್ತಕ್ಕೆ ಹಾಕಿ ಕೈತೊಳೆದುಕೊಂಡಳು. ಸೆಪ್ಟೆಂಬರ್ ಒಂದಕ್ಕೆ ಹೊಸ ನ್ಯಾಯಾಧೀಶರು ಬಂದು ಕೂರುತ್ತಾರೆ. ಚುನಾವಣೆಗೆ ನಿಂತವಳು ಕ್ವಾರಿಯವರನ್ನು ಎದುರುಹಾಕಿಕೊಳ್ಳುವುದು ಬೇಡ ಎಂದು ರೊಹೆಲಿಯೊ ಹೇಳಿದ್ದ. ಅವಳು ಹೂಂ ಎಂದಿರಲಿಲ್ಲ, ಉಹೂಂ ಎಂದೂ ಇರಲಿಲ್ಲ.

“ಏನ್ ಜಡ್ಜಮ್ಮ, ಟೋಪಿ ಹಾಕ್ಕೊಂಡ್ರೆ ಗುರುತು ಸಿಗಲ್ಲ ಅಂದ್ಕೊಂಡ್ರಾ?” ಎದೆಲ್ಮಿರಾ ಬುಟ್ಟಿ ಹಿಡಿದುಕೊಂಡು ಸಾಲಿನ ಪಕ್ಕಕ್ಕೇ ಬಂದಿದ್ದಳು. “ತಗೊಳ್ಳಿ, ಬಿಸಿ ಐತೆ. ದುಡ್ಡು ಬೇಡ.”

“ದುಡ್ಡು ಯಾಕೆ ಬೇಡ?”

“ಕೊಡೋರು ಕೊಟ್ಟವ್ರೆ. ಒಂದೊಂದು ತಮಾಲ್ ಜೊತೆ ಒಂದೊಂದು ಚೀಟಿ ಕೊಡು ಅಂದ್ರು. ಚೀಟೀಲಿ ಏನೈತೆ ಅಂತ ನಾನು ಕೇಳ್ಲಿಲ್ಲ. ಬಾವಿ ಬತ್ತಿದ ಮ್ಯಾಲೆ ಹೊಲ ಇಲ್ಲ, ಹೊಲ ಇಲ್ದಿದ್ ಮ್ಯಾಲೆ ಯಾರು ಹಿಟ್ಟು ತಂದುಕೊಟ್ರೂ ಬೇಯಿಸ್ತೀನಿ. ನಿಮ್ಗೂ ಒಂದು.”

ಬೇಡ ಎನ್ನುವಷ್ಟರಲ್ಲಿ ಬಿಸಿ ತಮಾಲ್ ಅಂಗೈಗೆ ಬಂತು, ಜೊತೆಗೆ ಹಾರ್ಮೋನಿಯಂ ತಿದಿಯಂತೆ ಮಡಚಿದ ಉದ್ದನೆಯ ಚೀಟಿ. ಪರೀಕ್ಷೆಗೆ ಹುಡುಗರು ಒಯ್ಯುವ ಕಾಪಿ ಚೀಟಿಯ ಹಾಗೆ. ಆರು ಬಣ್ಣದ ಮತಪತ್ರಗಳು, ಒಂದೊಂದರಲ್ಲೂ ಯಾವ ಚೌಕಕ್ಕೆ ಯಾವ ಸಂಖ್ಯೆ ಬರೆಯಬೇಕೆಂದು ಚೀಟಿಯಲ್ಲಿತ್ತು. ನೂರಾರು ಹೆಸರುಗಳಲ್ಲಿ ಯಾರು ಯಾರೆಂದು ಯಾವ ಪುಣ್ಯಾತ್ಮ ಓದುತ್ತಾನೆ? ಆಳುವ ಪಕ್ಷದವರೇ ಓದಿಟ್ಟಿರುತ್ತಾರೆ. ಇಂಥ ಚೀಟಿಗಳ ಬಗ್ಗೆ ಅವಳು ಎಷ್ಟು ಬೈದಿರಲಿಲ್ಲ? ಎಸೆಯಬೇಕೆಂದೇ ಬಿಡಿಸಿದಳು. ಹಳದಿ, ಹೆಂಗಸರು: ಹದಿನಾಲ್ಕು.

ಮೊದಲು ಬಂದದ್ದು ಸಂತೋಷ. ಅದನ್ನು ಅವಳು ಆಮೇಲೆ ಎಷ್ಟು ಸಲ ನೆನೆದರೂ ಬೇರೆ ಹೆಸರಿನಿಂದ ಕರೆಯಲಾಗಲಿಲ್ಲ. ಎದೆಯೊಳಗೆ ಬೆಚ್ಚಗೆ ಏನೋ ಹರಿದು, ಸಾಲಿನಲ್ಲಿ ತಮಾಲ್ ತಿನ್ನುತ್ತಿದ್ದ ಅಷ್ಟೂ ಜನರ ಮೇಲೆ ಪ್ರೀತಿ ಉಕ್ಕಿತು. ಇದೇ ಬೆಚ್ಚನೆ ಅವಳಿಗೆ ಗುರುತಿತ್ತು. ಮೂವತ್ತಮೂರು ವಯಸ್ಸು, ದೋನ್ ಹಾಸಿಂತೊ ಮನೆಯ ಅಡುಗೆಮನೆ, ಒಲೆಯ ಮೇಲೆ ಹಾಲು. ದೋನ್ ಹಾಸಿಂತೊ ಅವಳ ಧರ್ಮಪಿತ, ಮೇಲಿನ ಕೋರ್ಟಿನ ನ್ಯಾಯಾಧೀಶ. ಅವಳು ಪರೀಕ್ಷೆಯಲ್ಲಿ ಮೂರನೆಯವಳಾಗಿದ್ದಳು, ಇದ್ದದ್ದು ಎರಡು ಹುದ್ದೆ. ಪಕ್ಕದ ಕೋಣೆಯಲ್ಲಿ ಅವನು ಫೋನಿನಲ್ಲಿ ನಗುತ್ತಿದ್ದ, ಮಧ್ಯೆ ಒಮ್ಮೆ ನಮ್ಮ ಹುಡುಗಿ ಎಂದ. ಮತ್ತೇನೂ ಕೇಳಿಸಲಿಲ್ಲ, ಕೇಳಿಸದಿರಲಿ ಎಂದು ಅವಳು ಹಾಲಿನ ಪಾತ್ರೆಗೆ ಚಮಚ ಹಾಕಿ ಗಲಗಲ ತಿರುಗಿಸುತ್ತಿದ್ದಳು. ವಾರದಲ್ಲಿ ಎರಡನೆಯವನು ಹಿಂದೆ ಸರಿದನೆಂದು ಪತ್ರ ಬಂತು. ಯಾಕೆ ಸರಿದ? ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಜನರನ್ನು ಕಟಕಟೆಯಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಿದವಳು ಆ ಒಂದು ಪ್ರಶ್ನೆಯನ್ನು ಯಾರಿಗೂ ಕೇಳಲಿಲ್ಲ. ಈ ವಸಂತದಲ್ಲಿ ಸಭೆ ಸಭೆಯಲ್ಲೂ ಮೈಕು ಹಿಡಿದು, ನಾನು ಪರೀಕ್ಷೆ ಪಾಸು ಮಾಡಿ ಬಂದವಳು, ಯಾರ ಋಣವೂ ನನಗಿಲ್ಲ ಎಂದಿದ್ದಳು. ಪ್ರತಿ ಸಲವೂ ಹಾಲು ಉಕ್ಕುವ ಸದ್ದು ಕೇಳಿಸುತ್ತಿತ್ತು.

ಆದರೆ ಪಕ್ಷದವರು ಅವಳನ್ನು ಯಾಕೆ ಚೀಟಿಗೆ ಹಾಕಿದರು? ಎರಡು ವರ್ಷದ ಹಿಂದೆ ಅವರ ಮಾರುಕಟ್ಟೆ ಕಟ್ಟಡಕ್ಕೆ ತಡೆಯಾಜ್ಞೆ ಕೊಟ್ಟವಳು ಅವಳೇ. ಯಾರು ಯಾರಿಗೆ ಏನು ಹೇಳಿರಬಹುದು ಎಂದು ಯೋಚಿಸುತ್ತಿರುವಾಗಲೇ ಗೇಟಿನ ಹೊರಗೆ ಬಿಳಿ ವ್ಯಾನು ಗಕ್ಕನೆ ನಿಂತಿತು. ಇಳಿದವನು ತೆಯೋಫಿಲೊ. ಹನ್ನೊಂದು ವರ್ಷ ಅವಳ ಕೋರ್ಟಿನಲ್ಲಿ ಗುಮಾಸ್ತನಾಗಿದ್ದವನು, ಈಗ ಪಕ್ಷದ ಕೆಲಸಗಾರ. ಅವನು ನೇರ ಹಬೆಪಾತ್ರೆಯ ಬಳಿ ಹೋಗಿ ಚೀಟಿಯ ಕಟ್ಟಿಗೆ ಕೈ ಹಾಕಿದ. ಎದೆಲ್ಮಿರಾ ಕಟ್ಟಿನ ಮೇಲೆ ಕುಳಿತೇ ಬಿಟ್ಟಳು.

“ಏಳಿ ಎದೆಲ್ಮಿರಾ. ಇದು ಬೇರೆ ಕಡೆಯ ಚೀಟಿ. ತಪ್ಪಾಗಿದೆ.”

“ಬೆಳಗಾಗೆದ್ದು ಬೇಯಿಸಿದೀನಿ. ತಪ್ಪು ಅಂತ ಹೇಳಿ ನನ್ನ ಮಿಕ್ಕ ದುಡ್ಡು ಮುರ್ಕೊಂಡ್ರೆ?”

“ಮುರಿಯಲ್ಲ ಕಣಮ್ಮಾ. ಏಳು.”

“ಮೊದ್ಲು ಕೊಡು, ಆಮ್ಯಾಲೆ ಏಳ್ತೀನಿ.”

ಸಾಲಿನಲ್ಲಿದ್ದವರು ನಕ್ಕರು. ತೆಯೋಫಿಲೊ ತಲೆ ಎತ್ತಿದಾಗ ಅವನ ಕಣ್ಣು ಒತೀಲಿಯಾಳ ಮೇಲೆ ಬಿತ್ತು, ಅವಳ ಕೈಯಲ್ಲಿ ಬಿಡಿಸಿದ ಚೀಟಿಯ ಮೇಲೂ ಬಿತ್ತು. ಅವನು ಬೆವರು ಒರೆಸಿಕೊಂಡು ಹತ್ತಿರ ಬಂದ. ಹಳೆಯ ಅಭ್ಯಾಸ, ಎರಡೂ ಕೈ ಹಿಂದೆ ಕಟ್ಟಿಕೊಂಡ. ಮಾತಾಡಬೇಕು ಮೇಡಂ ಎಂದ. ಅವಳು ಹಿಂದಿನವಳಿಗೆ ಜಾಗ ನೋಡಿಕೊಳ್ಳಿ ಎಂದು ಹೇಳಿ, ಬಾಸ್ಕೆಟ್‌ಬಾಲ್ ಕಂಬದ ಕೆಳಗೆ ಅವನೊಂದಿಗೆ ನಿಂತಳು.

“ಹೈಕ್ಳು ಕಟ್ಟು ಅದಲು ಬದಲು ಮಾಡಿಬಿಟ್ಟಿದ್ದಾರೆ,” ಎಂದ. “ರೈಲು ಹಳಿಯ ಆ ಕಡೆ ಬೇರೆ ಕ್ಷೇತ್ರ, ಈ ಕಡೆ ಬೇರೆ. ಎರಡು ಕಡೆಗೂ ಹಳದಿ ಹಾಳೇನೇ, ಒಳಗಿನ ಹೆಸರು ಮಾತ್ರ ಬೇರೆ. ಆ ಕಡೆ ಹದಿನಾಲ್ಕು ಅಂದ್ರೆ ನಮ್ಮ ಹುಡುಗಿ. ಈ ಕಡೆ ಹದಿನಾಲ್ಕು ಅಂದ್ರೆ ನೀವು. ಬೆಳಗ್ಗೆ ಎಂಟರಿಂದ ಆರು ಶಾಲೆಯಲ್ಲಿ ಹಂಚಿದ್ದಾರೆ. ಈ ಬಿಸಿಲಲ್ಲಿ ಚೀಟಿ ಇಲ್ಲದೆ ಓಟು ಹಾಕೋಕೆ ಎಷ್ಟು ಜನ ಬರ್ತಾರೆ ಹೇಳಿ. ನೀವು ಗೆದ್ದಾಯ್ತು ಮೇಡಂ. ನಮ್ಮ ಕೈಯಿಂದಲೇ.”

ನಮ್ಮ ಹುಡುಗಿ. ಒತೀಲಿಯಾಳಿಗೆ ನಗು ಬಂತು, ತಡೆಯಲಾಗದಂಥ ಕೆಟ್ಟ ನಗು. ಒಂದು ಕಡೆ ಫೋನು, ಒಂದು ಕಡೆ ತಮಾಲ್. ಎಪ್ಪತ್ತೈದರ ತನಕ ಅಲುಗದ ಕುರ್ಚಿಗೆ ಒಬ್ಬ ಮುದುಕನ ಮಾತು ಸಾಕಾಗಿತ್ತು. ಈಗಿನ ಕುರ್ಚಿಗೆ ಇಡೀ ಊರೇ ಬೇಕು, ಆದರೆ ಊರಿನವರಿಗೆ ಯಾರನ್ನು ಕೂರಿಸುತ್ತಿದ್ದೇವೆಂದು ಗೊತ್ತಿರಬೇಕಿಲ್ಲ. ಸಭೆಗಳಲ್ಲಿ ಅವಳು ಒಂದನ್ನು ಹೊಗಳಿ ಇನ್ನೊಂದನ್ನು ತೆಗಳಿ ಗಂಟಲು ಹರಿದುಕೊಂಡಿದ್ದಳಲ್ಲ, ಎರಡೂ ಕಡೆ ಅವಳು ಅದೇ ಹುಡುಗಿ, ಯಾರದೋ ಹುಡುಗಿ.

“ಈಗ ಏನ್ ಮಾಡ್ತೀಯ? ದೂರು ಕೊಡ್ತೀಯಾ?” ಎಂದು ಕೇಳಿದಳು.

“ದೂರು ಕೊಟ್ರೆ ಚೀಟಿ ನಮ್ಮದೇ ಅಂತ ಒಪ್ಪಿಕೊಂಡ ಹಾಗೆ. ಯಾರು ಕೊಡ್ತಾರೆ?” ಅವನು ಹಲ್ಲು ಗಿಂಜಿದ. “ಫೋನು ಮಾಡಿ ಮೇಲಿನವರನ್ನ ಕೇಳಿದೆ. ಆಗಿದ್ದು ಆಗಿಹೋಯ್ತು, ಅವರೇ ಇರಲಿ ಅಂದ್ರು. ನಿಮ್ಮಿಂದ ಏನೂ ಬೇಡ ಮೇಡಂ. ತೆಪೋಸಾನ್ ಕ್ವಾರಿ ಕಡತ ಒಂದಿದೆಯಲ್ಲ. ಸೆಪ್ಟೆಂಬರ್ ಹತ್ತಕ್ಕೆ ಇಟ್ಟಿದ್ದೀರಿ. ಆಮೇಲೆ ಡಿಸೆಂಬರ್, ಆಮೇಲೆ ಮಾರ್ಚ್. ನೀವು ಹೊಸದಾಗಿ ಏನೂ ಮಾಡಬೇಕಾಗಿಲ್ಲ. ಇಷ್ಟು ದಿನ ಏನು ಮಾಡ್ತಾ ಬಂದ್ರೋ ಅದನ್ನೇ ಮಾಡ್ತಾ ಹೋಗಿ.”

ಅವನು ಅದನ್ನು ಬೆದರಿಸಲು ಹೇಳಲಿಲ್ಲ, ಅವಮಾನ ಮಾಡಲೂ ಹೇಳಲಿಲ್ಲ. ಹವಾಮಾನ ಹೇಳುವ ಹಾಗೆ ಹೇಳಿದ. ಅದಕ್ಕೇ ಅದು ಕೆನ್ನೆಗೆ ಹೊಡೆದಂತೆ ಬಿತ್ತು. ಲಂಚ ಕೊಟ್ಟು ಮಾಡಿಸಿಕೊಳ್ಳಬೇಕಾದ ಕೆಲಸವನ್ನು ಅವಳು ಇಷ್ಟು ತಿಂಗಳು ಪುಕ್ಕಟೆಯಾಗಿ ಮಾಡಿಕೊಂಡು ಬಂದಿದ್ದಳು, ಅದೂ ಅಚ್ಚುಕಟ್ಟಾಗಿ, ಕಾನೂನಿನ ಕಲಮು ನಮೂದಿಸಿ.

“ಇದು ಕಳ್ಳತನ, ತೆಯೋಫಿಲೊ. ಹನ್ನೊಂದು ವರ್ಷ ನನ್ನ ಜೊತೆ ಇದ್ದವನು ನೀನು.”

“ಇದ್ದೆ,” ಎಂದ. ಹಿಂದೆ ಕಟ್ಟಿದ್ದ ಕೈಗಳನ್ನು ಬಿಡಿಸಿ ಮುಂದೆ ತಂದ. “ಹನ್ನೊಂದು ವರ್ಷ ಆದಮೇಲೆ ಕಾರ್ಯದರ್ಶಿ ಜಾಗ ಖಾಲಿ ಆಯ್ತು. ನಿಂಗೇ ಅಂದಿದ್ರಿ. ನನ್ನ ಹೆಂಡತಿ ನನಗೆ ಹೊಸ ಕೋಟು ಹೊಲಿಸಿದ್ಲು. ಸೋಮವಾರ ಬಂದು ನೋಡಿದ್ರೆ ಆ ಕುರ್ಚೀಲಿ ರೊಹೆಲಿಯೊ ಕೂತಿದ್ದ, ಕಾಲೇಜಿನಿಂದ ಹೊರಗೆ ಬಿದ್ದು ಆರು ತಿಂಗಳಾಗಿರಲಿಲ್ಲ. ನಿಮ್ಮ ಅಣ್ಣನ ಮಗನಿಗೆ ಯಾರು ಓಟು ಹಾಕಿದ್ರು ಮೇಡಂ? ಯಾವ ಚೀಟೀಲಿ ಬಂದಿತ್ತು ಅವನ ನಂಬರು?”

ಆ ಸೋಮವಾರ ಅವನು ಕೋಟು ಬಿಚ್ಚಿ, ಮಡಚಿ, ತೋಳಿನ ಮೇಲೆ ಹಾಕಿಕೊಂಡು ಮೊದಲಿನ ಮೇಜಿಗೇ ಹೋಗಿ ಕೂತಿದ್ದ. ಕಂದು ಬಣ್ಣದ ಕೋಟು, ಗುಂಡಿಗಳು ಸ್ವಲ್ಪ ದೊಡ್ಡವು. ಅವಳು ತನ್ನ ಕೋಣೆಯ ಗಾಜಿನಿಂದ ನೋಡಿ ಕಡತದೊಳಗೆ ತಲೆ ಹುದುಗಿಸಿದ್ದಳು. ಅಣ್ಣ ಅತ್ತಿದ್ದ, ಅತ್ತಿಗೆ ಕಾಲು ಹಿಡಿದಿದ್ದಳು, ಒಂದೇ ಒಂದು ಹುದ್ದೆ ತಾನೆ ಎಂದು ಅನ್ನಿಸಿತ್ತು. ದೋನ್ ಹಾಸಿಂತೊಗೂ ಹಾಗೇ ಅನ್ನಿಸಿರಬೇಕು. ಈ ಬಿಸಿಲಿನಲ್ಲಿ, ಮಕ್ಕಳು ಬರೆದ ಹೂವಿನ ಚಿತ್ರಗಳಿದ್ದ ಗೋಡೆಯ ಮುಂದೆ, ಅವಳಿಗೆ ತೆಯೋಫಿಲೊನ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಚಮಚದ ಗಲಗಲ ಸದ್ದಿನ ಮೇಲೆ. ಸಾಕಾಗಿತ್ತು ಅವಳಿಗೆ. ಕೇಳಿಸಿಕೊಳ್ಳದೆ ಇರಲು ಚಮಚ ತಿರುಗಿಸುತ್ತಾ ಅವಳು ಮುದುಕಿಯಾಗಿದ್ದಳು.

“ನೀನು ಹೇಳಿದ್ದು ಸರಿ,” ಎಂದಳು. “ಆ ಕುರ್ಚಿ ನಿನ್ನದು. ನಾನು ಕದ್ದು ಅವನಿಗೆ ಕೊಟ್ಟೆ.”

ಅವನು ಬೇರೆ ಏನನ್ನೋ ಕೇಳಲು ಸಿದ್ಧನಾಗಿದ್ದವನಂತೆ ತಬ್ಬಿಬ್ಬಾದ. ಅವಳು ಚೀಟಿಯನ್ನು ಮೊದಲಿನ ಹಾಗೇ ಮಡಿಕೆ ಮಡಿಕೆಯಾಗಿ ಮಡಚಿ, ಮತಗಟ್ಟೆಯ ಮೇಜಿನತ್ತ ನಡೆದಳು. ಸಾಲಿನವರು ಗೊಣಗಿದರು. ಓಟಿಗಲ್ಲ, ಓಟಿಗಲ್ಲ ಎಂದು ಹೇಳುತ್ತಲೇ ಹೋದಳು. ಮೇಜಿನ ಹಿಂದೆ ಅಧ್ಯಕ್ಷೆಯಾಗಿ ಕೂತಿದ್ದವಳು ಅದೇ ಬೀದಿಯ ಔಷಧಿ ಅಂಗಡಿಯವಳು. ಲಾಟರಿ ಎತ್ತಿ ಊರವರನ್ನೇ ಆ ಕೆಲಸಕ್ಕೆ ಕೂರಿಸಿದ್ದರು. ಮಕ್ಕಳ ಕುರ್ಚಿ ಅವಳಿಗೆ ಚಿಕ್ಕದಾಗಿ, ಮಂಡಿಗಳು ಗಲ್ಲದ ತನಕ ಬಂದಿದ್ದವು.

“ಘಟನೆ ಬರೆಯುವ ನಮೂನೆ ಕೊಡಿ. ದೂರಿದೆ,” ಎಂದಳು ಒತೀಲಿಯಾ.

ಔಷಧಿ ಅಂಗಡಿಯವಳು ಕಾಗದಗಳ ರಾಶಿಯಲ್ಲಿ ಹುಡುಕಿ ನಮೂನೆ ತೆಗೆದಳು. “ಏನಾಯ್ತು?”

“ತಮಾಲ್ ಜೊತೆ ಚೀಟಿ ಹಂಚಿದ್ದಾರೆ. ಇಲ್ಲಿ ಮತ್ತು ಇನ್ನೂ ಐದು ಶಾಲೆಗಳಲ್ಲಿ. ಹಳದಿ ಹಾಳೆಯಲ್ಲಿ ಹದಿನಾಲ್ಕು ಬರೀರಿ ಅಂತ ಇದೆ. ಇಗೋ ಚೀಟಿ, ಇದನ್ನ ಜೊತೆಗೆ ಪಿನ್ನು ಮಾಡಿ.”

“ದೂರು ಯಾರ ಮೇಲೆ?”

“ಲಾಭ ಆಗೋದು ಹದಿನಾಲ್ಕಕ್ಕೆ. ಅವಳ ಹೆಸರು ಬರೀರಿ. ಒತೀಲಿಯಾ ಬರಾಹಾಸ್.”

ಅವಳು ಬರೆದಳು. “ದೂರು ಕೊಡ್ತಿರೋದು ಯಾರು?”

“ಒತೀಲಿಯಾ ಬರಾಹಾಸ್.”

ಔಷಧಿ ಅಂಗಡಿಯವಳು ಪೆನ್ನು ಎತ್ತಿ ಅವಳ ಮುಖ ನೋಡಿದಳು. ಬಿಸಿಲಿನಲ್ಲಿ ತಲೆ ತಿರುಗಿದೆಯೇ ಎಂದು ನೋಡುವ ಹಾಗೆ ನೋಡಿ, “ಅಕ್ಕಾ, ಸ್ವಲ್ಪ ಕೂತ್ಕೊಳ್ತೀರಾ? ನೀರು ಕೊಡ್ಲಾ?” ಎಂದಳು.

“ನೀರು ಬೇಡ. ಎರಡು ಕಡೆಗೂ ಅದೇ ಹೆಸರು ಬರೀರಿ. ಸಹಿ ಎಲ್ಲಿ ಹಾಕಬೇಕು?”

ಬಾಗಿಲಲ್ಲಿ ತೆಯೋಫಿಲೊ ನಿಂತಿದ್ದ. ಅವಳು ಹೊರಗೆ ಬಂದಾಗ ದಾರಿ ಬಿಡದೆ, ತಗ್ಗಿದ ದನಿಯಲ್ಲಿ, “ಈ ಆರು ಪೆಟ್ಟಿಗೆ ರದ್ದಾದರೆ ಸೋತು ಹೋಗ್ತೀರಿ ಮೇಡಂ,” ಎಂದ. ಅವನ ದನಿಯಲ್ಲಿ ನಿಜವಾದ ಕಳವಳ ಇತ್ತು. “ಇಪ್ಪತ್ತಾರು ವರ್ಷ. ಒಂದು ಕಾಗದಕ್ಕೆ ಯಾರಾದ್ರೂ ಹಿಂಗೆ ಮಾಡ್ತಾರಾ?”

“ಆಗಸ್ಟ್ ಕೊನೆ ತನಕ ನಾನೇ ಜಡ್ಜು. ಮೂರು ತಿಂಗಳು. ಅಷ್ಟು ಸಾಕು,” ಎಂದಳು. “ನಿನ್ನ ಮೇಲಿನವರಿಗೆ ಹೇಳು, ತೆಪೋಸಾನ್ ವಿಚಾರಣೆ ಸೆಪ್ಟೆಂಬರಿಗಲ್ಲ. ಇದೇ ಜೂನ್ ಹನ್ನೊಂದು, ಬುಧವಾರ. ನಾಳೆ ನೋಟೀಸು ಹೋಗುತ್ತೆ. ನಿನಗೂ ಸಮನ್ಸ್ ಬರಬಹುದು, ಈ ಚೀಟಿ ವಿಷಯಕ್ಕೆ. ಬಾ. ಆ ಕಂದು ಕೋಟು ಹಾಕ್ಕೊಂಡು ಬಾ. ರೊಹೆಲಿಯೊ ವಿಷಯವನ್ನೂ ಪ್ರಮಾಣ ಮಾಡಿ ಹೇಳು, ನಾನು ಅಲ್ಲಗಳೆಯೋದಿಲ್ಲ.”

ಅವನು ದಾರಿ ಬಿಟ್ಟ. ಅವಳು ಸಾಲಿಗೆ ಮರಳಿ ತನ್ನ ಜಾಗದಲ್ಲಿ ನಿಂತಳು. ನಾಳೆ ಅಣ್ಣ ಫೋನು ಮಾಡುತ್ತಾನೆ. ಗೆಳೆಯರ ಗುಂಪಿನಲ್ಲಿ ಮೂಗು ಮುರಿಯುತ್ತಾರೆ, ಹೇಳಿದ್ದೆವಲ್ಲ ಎನ್ನುತ್ತಾರೆ. ಎನ್ನಲಿ. ಅವರೆಲ್ಲರ ಮನೆಯ ಅಡುಗೆಮನೆಯಲ್ಲೂ ಒಂದೊಂದು ಹಾಲಿನ ಪಾತ್ರೆ ಇರಬೇಕು. ಅವಳ ಸರದಿ ಬಂದಾಗ ಆರು ಹಾಳೆಗಳನ್ನು ಹಿಡಿದು ಪರದೆಯ ಹಿಂದೆ ಹೋದಳು. ಪಕ್ಕದ ಪರದೆಯ ಹಿಂದೆ ಯಾರೋ ಚೀಟಿ ಬಿಡಿಸುವ ಸರಪರ. ಹಳದಿ ಹಾಳೆಯನ್ನು ಕೊನೆಗೆ ತೆಗೆದಳು. ಹೆಸರುಗಳನ್ನು ಮೇಲಿನಿಂದ ಒಂದೊಂದಾಗಿ ಓದಿದಳು, ಪೂರ್ತಿ ಓದಿದಳು. ಇವಳಿಗೆ ಹಾಕಬಹುದೇ ಎಂದು ಹದಿನಾಲ್ಕರ ಮುಂದೆ ಬೆರಳಿಟ್ಟು, ಬೇರೆ ಯಾರನ್ನೋ ವಿಚಾರಿಸುವ ಹಾಗೆ ವಿಚಾರಿಸಿದಳು. ಫೋನಿನಿಂದ ಬಂದವಳು. ಅಣ್ಣನ ಮಗನಿಗಾಗಿ ಒಬ್ಬನ ಅನ್ನ ಕಿತ್ತವಳು. ಮೂರು ಸಲ ಹೆದರಿದವಳು. ಬುಧವಾರ ಹೆದರದೆ ಇರಲು ನಿಶ್ಚಯಿಸಿದವಳು. ಆ ಚೌಕದಲ್ಲಿ ಅವಳು ಹದಿನಾಲ್ಕು ಎಂದು ಎಷ್ಟು ಒತ್ತಿ ಬರೆದಳೆಂದರೆ ಬಣ್ಣದ ಕಡ್ಡಿಯ ತುದಿ ಮುರಿಯಿತು. ಆ ಪೆಟ್ಟಿಗೆಯೊಳಗಿನ ಅಷ್ಟೂ ಹದಿನಾಲ್ಕುಗಳಲ್ಲಿ, ಅದು ಯಾರೆಂದು ತಿಳಿದು ಬರೆದದ್ದು ಬಹುಶಃ ಅದೊಂದೇ. ಅದೂ ರದ್ದಾಗುವ ಪೆಟ್ಟಿಗೆಗೆ ಬಿತ್ತು.

ಗೇಟಿನ ಹತ್ತಿರ ಎದೆಲ್ಮಿರಾ ಚೀಟಿಯ ಕಟ್ಟಿನ ಮೇಲೆ ಇನ್ನೂ ಕೂತೇ ಇದ್ದಳು. ವ್ಯಾನು ಹೊರಟುಹೋಗಿತ್ತು.

“ಯಾರಿಗೆ ಹಾಕಿದ್ರಿ ಜಡ್ಜಮ್ಮ?”

“ನನಗೇ.”

“ದೂರು ಯಾರ ಮ್ಯಾಲೆ ಕೊಟ್ರಿ? ಒಳಗೆಲ್ಲ ಅದೇ ಮಾತು.”

“ಅದೂ ನನ್ನ ಮೇಲೇ.”

ಎದೆಲ್ಮಿರಾ ಶಾಲಿನ ಅಂಚಿನಿಂದ ಮುಖ ಒರೆಸಿಕೊಂಡಳು. ನಗಲಿಲ್ಲ. “ಹನ್ನೊಂದನೇ ತಾರೀಕು ವಿಚಾರಣೆ ಅಂತ ಆ ಮನುಷ್ಯ ಬೈಕೊಂಡು ಹೋದ. ನಿಜಾನಾ? ಇಲ್ಲ ಹೋದ್ಸಲದಂಗೆ ನಲವತ್ತು ಜನ ಎರಡು ಬಸ್ಸು ಬದಲಾಯಿಸಿ ಬಂದಾಗ ಬಾಗಿಲಿಗೆ ಕಾಗದ ಅಂಟಿಸಿರ್ತೀರಾ?”

“ಹತ್ತು ಗಂಟೆಗೆ ಬನ್ನಿ. ಬಾಗಿಲು ತೆರೆದಿರುತ್ತೆ. ನಾನೇ ಇರ್ತೀನಿ.”

“ನೋಡ್ತೀನಿ,” ಎಂದಳು ಎದೆಲ್ಮಿರಾ. ಅವಳು ನಂಬಲಿಲ್ಲ, ನಂಬಬೇಕಾದ ಕಾರಣವೂ ಇರಲಿಲ್ಲ. ಒತೀಲಿಯಾಳ ಕೈಯಲ್ಲಿ ಆರಿಹೋಗಿದ್ದ ತಮಾಲನ್ನು ತೆಗೆದುಕೊಂಡು ಬುಟ್ಟಿಯ ಮೂಲೆಗೆ ಹಾಕಿದಳು. ಹಬೆಪಾತ್ರೆಯ ಮುಚ್ಚಳ ಎತ್ತಿ, ತಳದಿಂದ ಬಿಸಿಯದೊಂದನ್ನು ತೆಗೆದು, ಸುಮ್ಮನೆ, ಚೀಟಿಯಿಲ್ಲದೆ ಮುಂದೆ ಹಿಡಿದಳು. “ಇದು ನನ್ನ ಮನೆ ಹಿಟ್ಟಿಂದು. ಇದಕ್ಕೆ ಇಪ್ಪತ್ತು ಪೆಸೊ ಆಗ್ತದೆ.”

ಒತೀಲಿಯಾ ಕೈಚೀಲ ತೆರೆದು, ಮೀನಿನ ವಾಸನೆಯ ತನ್ನ ಮುಖವನ್ನು ಪಕ್ಕಕ್ಕೆ ಸರಿಸಿ, ಇಪ್ಪತ್ತು ಪೆಸೊ ಎಣಿಸಿ ಕೊಟ್ಟಳು.